ನಾಲ್ಕು ಜಿಬಿಯಲ್ಲಿ ಒಂದು ಧಾರೆ ಸೋಬಾನೆ

ಮದುವೆಗೆ ಮೈಕ್‌ಸೆಟ್ಟು ಬೇಕು ಎಂದು ನನ್ನ ಅಂಗಡಿಗೆ ಬರುವವರು ಸಾಮಾನ್ಯವಾಗಿ ಹುಡುಗಿಯ ಅಪ್ಪನೋ ಸೋದರಮಾವನೋ ಆಗಿರುತ್ತಾರೆ. ಆ ದಿನ ಬಂದವಳು ಮದುಮಗಳೇ. ಸತ್ಯಮಂಗಲದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ, ತಿಗನಾರೆಯ ಹುಡುಗಿ. ಎರಡು ಹಾರನ್ನು, ನಾಲ್ಕು ಬಾಕ್ಸು, ಒಂದು ಜನರೇಟರು ಎಂದು ನಾನು ಲೆಕ್ಕ ಹೇಳುತ್ತಿದ್ದರೆ ಅವಳಿಗೆ ಅದರ ಮೇಲೆ ಗಮನವೇ ಇರಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕ, ಧಾರೆ ಒತ್ನಲ್ಲಿ ಸಿನ್ಮಾ ಪದ ಬ್ಯಾಡ. ನಮ್ಮವ್ವನ ದನಿ ಬೇಕು."

ಅವಳ ತಾಯಿಯನ್ನು ನಾನು ಚೆನ್ನಾಗಿ ಬಲ್ಲೆ. ಹಗಲೆಲ್ಲ ಬೇರೆಯವರ ಹೊಲದಲ್ಲಿ ಬೆಳ್ಳುಳ್ಳಿ ಕೀಳಲು, ಕೋಸು ಕೊಯ್ಯಲು ಕೂಲಿಗೆ ಹೋಗುವ ಹೆಂಗಸು. ಚಪ್ಪರದ ಕೆಳಗೆ ನಿಂತು ಸೋಬಾನೆ ಎತ್ತಿದರೆ ಮಾತ್ರ ನನ್ನ ಹಾರನ್ನುಗಳೇ ಸುಮ್ಮನಾಗಬೇಕು, ಹಾಗಿರುತ್ತದೆ ದನಿ. ಆಕೆ ಮುಂದೆ ಹೇಳುತ್ತಾರೆ. ಆಕೆಯ ನಾದಿನಿಯೂ ಇನ್ನು ನಾಲ್ಕು ಜನ ಹೆಂಗಸರೂ ಹಿಂದೆ ಹೇಳುತ್ತಾರೆ. ಪ್ರತಿ ನುಡಿಯಲ್ಲೂ ಮದುಮಗಳ ಹೆಸರು ಬರಬೇಕು. ಆ ಸುತ್ತಿನಲ್ಲಿ ಮದುವೆಯಾದ ಎಷ್ಟೋ ಹುಡುಗಿಯರ ಹೆಸರು ಆ ಬಾಯಲ್ಲಿ ಬಂದಿದೆ.

ಆದರೆ ಅವರ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೆತ್ತವಳು ತನ್ನ ಮಗಳ ಧಾರೆಗೆ ಸೋಬಾನೆ ಹೇಳುವಂತಿಲ್ಲ. ಧಾರೆ ಮುಗಿಯುವವರೆಗೆ ಬಾಯಿ ಬಿಗಿಹಿಡಿದು ನಿಲ್ಲಬೇಕು. ಊರ ಹೆಣ್ಣುಮಕ್ಕಳಿಗೆಲ್ಲ ಹೇಳಿದ ಅವ್ವ ತನಗೆ ಮಾತ್ರ ಹೇಳುವಂತಿಲ್ಲ ಎನ್ನುವುದು ಈ ಹುಡುಗಿಯನ್ನು ಚಿಕ್ಕಂದಿನಿಂದ ಕೊರೆಯುತ್ತಿತ್ತಂತೆ. ಮುಂಚೆಯೇ ರೆಕಾರ್ಡ್ ಮಾಡಿಟ್ಟು ಧಾರೆಯ ಹೊತ್ತಿಗೆ ಹಾಕಿದರೆ ಹೇಗೆ ಎಂದು ಅವಳು ಕೇಳಿದಳು. ಕೇಳಿ, ಉತ್ತರಕ್ಕೆ ಹೆದರಿದವಳಂತೆ ತನ್ನ ಬಳೆ ತಿರುಗಿಸುತ್ತಾ ಕೂತಳು. ನನಗೆ ಬಹಳ ಇಷ್ಟವಾಯಿತು. ಆಗಲಿ ಎಂದುಬಿಟ್ಟೆ. ನನ್ನ ಸ್ವಭಾವವೇ ಅದು, ಮೊದಲು ಆಗಲಿ ಅನ್ನುವುದು, ಹೇಗೆ ಎಂದು ಆಮೇಲೆ ತಲೆ ಕೆರೆದುಕೊಳ್ಳುವುದು.

ಪದ್ಧತಿಯ ಮಾತಾದ್ದರಿಂದ ಅವರ ಬೀದಿಯ ಹಿರಿಯಜ್ಜನ ಒಪ್ಪಿಗೆ ಬೇಕಿತ್ತು. ನಾನೇ ಹೋದೆ. ತಾಯಿ ಒಂದು ಕಡೆ ತಲೆ ತಗ್ಗಿಸಿ ಕೂತಿದ್ದರು, ಮಗಳು ಕಂಬದ ಹಿಂದೆ. ಅಜ್ಜ ಎಲೆ ಅಡಿಕೆ ಮೆಲ್ಲುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ರೆಕಾರ್ಡು ಎಂದರೆ ಮುಂಚೆ ಹೇಳಿದ್ದು, ಧಾರೆಯ ಹೊತ್ತಿಗೆ ಹೇಳಿದ್ದಲ್ಲ, ಅಲ್ಲವಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಗೆ, "ಅವ್ಳ ಬಾಯಿ ಮುಚ್ಚಿರ್ಬೇಕು ಅಂತ ತಾನೆ ನಮ್ಮೋರು ಏಳಿರದು? ಮುಚ್ಕಂಡೇ ಇರ್ಲಿ ಬುಡು. ಆರನ್ನಿನ ಬಾಯಿ ಯಾರು ಮುಚ್ಚಕಾದದು?" ಅಂದರು. ಒಂದು ಷರತ್ತು ಹಾಕಿದರು. ಒಬ್ಬ ಹುಡುಗಿಯ ಹೆಸರಿಟ್ಟು ಎತ್ತಿದ ಧಾರೆ ಪದವನ್ನು ಅರ್ಧಕ್ಕೆ ನಿಲ್ಲಿಸಬಾರದು. ಆ ಮಾತು ರೆಕಾರ್ಡಿಗೂ ಅನ್ವಯ. ನಾನು ಧಾರಾಳವಾಗಿ ತಲೆಯಾಡಿಸಿದೆ. ಆ ಷರತ್ತು ನನ್ನ ಲ್ಯಾಪ್‌ಟಾಪಿಗೆ ಎಷ್ಟು ದುಬಾರಿಯಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ತಮಿಳುನಾಡಿಗೆ ಸೇರಿದ ತಾಳವಾಡಿಯ ನಮ್ಮ ಮನೆಯ ಹಿಂಭಾಗದಲ್ಲಿ ಬೆಳ್ಳುಳ್ಳಿ ಹರಡುತ್ತಿದ್ದ ಕೋಣೆಯನ್ನೇ ನಾನು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೆ. ದನಿ ಗೋಡೆಗೆ ಬಡಿದು ವಾಪಸ್ಸು ಬರಬಾರದೆಂದು ನಾಲ್ಕೂ ಗೋಡೆಗೆ ಕರಿ ಕಂಬಳಿ ಹೊಡೆಸಿದ್ದೆ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿಗಿಂತ ಚೆನ್ನಾಗಿ ದನಿ ಹೀರುವ ವಸ್ತು ಇನ್ನೊಂದಿಲ್ಲ ಎನ್ನುವುದು ನನ್ನ ಹೆಮ್ಮೆಯ ಸಂಶೋಧನೆ. ಸಾಮಾನು ಎಂದರೆ ನಾಲ್ಕು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪು, ನಾಲ್ಕು ಮೈಕು, ಆ ನಾಲ್ಕೂ ಮೈಕುಗಳ ದನಿಯನ್ನು ಒಟ್ಟಿಗೆ ಕಂಪ್ಯೂಟರಿಗೆ ಕಳಿಸುವ ಇಂಟರ್‌ಫೇಸ್ ಎಂಬ ಡಬ್ಬಿ, ಎರಡು ಹೆಡ್‌ಫೋನು. ಅಲ್ಲಿಯವರೆಗೆ ಅದರಲ್ಲಿ ನಾನು ಮಾಡಿದ್ದು ಅಂಗಡಿಗಳ ಜಾಹೀರಾತು ಮತ್ತು ಗುಮಟಾಪುರದ ಸಗಣಿ ಹಬ್ಬಕ್ಕೆ ಬರುವವರಿಗೆ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಕನ್ನಡದಲ್ಲೂ ತಮಿಳಿನಲ್ಲೂ ಕೂಗುವ ಸೂಚನೆಗಳು. ಒಂದು ದನಿ, ಒಂದು ಟ್ರ್ಯಾಕು. ಕಂಪ್ಯೂಟರು ಯಾವತ್ತೂ ಚಕಾರ ಎತ್ತಿರಲಿಲ್ಲ.

ಈಗ ಆರು ಹೆಂಗಸರು. ನಾನು ವೀಡಿಯೋ ನೋಡಿ ಕಲಿತ ವಿದ್ಯೆಯ ಪ್ರಕಾರ ಒಬ್ಬೊಬ್ಬರನ್ನೇ ಕೂರಿಸಿ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಾಡಿಸಬೇಕು. ಮೊದಲು ಹಾಡಿದವರ ದನಿಯನ್ನು ಎರಡನೆಯವರು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಹಾಡಬೇಕು. ದೊಡ್ಡ ಊರುಗಳ ಸ್ಟುಡಿಯೋದಲ್ಲಿ ಹಾಗೆಯೇ ಮಾಡುತ್ತಾರೆ. ನಾನೇನು ಕಡಿಮೆ?

ಹೆಂಗಸರಿಗೆ ಬಿಡುವು ಸಿಗುವುದು ಸೋಮವಾರ ಮಾತ್ರ. ಶಿವನ ವಾರ ಎಂದು ಆ ದಿನ ನಮ್ಮಲ್ಲಿ ನೇಗಿಲು ಕಟ್ಟುವುದಿಲ್ಲ, ಕೂಲಿಯೂ ಕಡಿಮೆ. ಸಂಜೆ ಕತ್ತಲಾಗುವ ಮುಂಚೆ ಅವರು ಬಸ್ಸು ಹತ್ತಿ ಊರು ಸೇರಿಕೊಳ್ಳಬೇಕು, ಆಮೇಲೆ ಆ ದಾರಿ ಆನೆಗಳದ್ದು. ಮದುವೆಗೆ ಮುಂಚೆ ನಮಗೆ ಸಿಕ್ಕಿದ್ದು ಮೂರು ಸೋಮವಾರ.

ಮೊದಲನೆಯ ಸೋಮವಾರ ತಾಯಿಯ ಭಾಗ ಹೇಗೋ ಆಯಿತು. ಆಕೆ ಕಂಬಳಿ ಗೋಡೆಯನ್ನು ನೋಡುತ್ತಾ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ, ತಪ್ಪಿಲ್ಲದ ಹಾಗೆ ಹೇಳಿ ಮುಗಿಸಿದರು. ಆಮೇಲೆ ನಾದಿನಿಯ ಸರದಿ. ಮಾತಿನಲ್ಲಿ ಬಹಳ ಚುರುಕಿನ ಹೆಂಗಸು, ಹೆಡ್‌ಫೋನು ಹಾಕಿಸಿಕೊಂಡು, ಇದೇನು ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಾ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಹಾಡಲು ಶುರು ಮಾಡಿದ ಮೇಲೆ ಮಾತ್ರ ಆಕೆಯ ಚುರುಕೆಲ್ಲ ಎಲ್ಲಿ ಹೋಯಿತೋ. ಪ್ರತಿ ನುಡಿಯ ಕೊನೆಯನ್ನೂ ಎಳೆಯತೊಡಗಿದರು. ಒಂದಕ್ಕಿಂತ ಇನ್ನೊಂದು ನಿಧಾನ. ದಿಂಬಂ ಘಾಟಿಯ ತಿರುವಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡ ಬಸ್ಸಿನ ಹಾಗೆ ಹಾಡು ತೆವಳಿತು. ಯಾಕಕ್ಕ ಹೀಗೆ ಎಂದು ಕೇಳಿದೆ.

"ನನ್ನಿಂದೆ ಇನ್ನೊಬ್ಳು ಏಳ್ತಾವ್ಳೆ ಕಣವ್ವ. ಪಾಪ, ಅವ್ಳೂ ಮುಗಿಸ್ಲಿ ಅಂತ ಕಾಯ್ತಿವ್ನಿ."

ಹಿಂದೆ ಹೇಳುವವರು ಒಟ್ಟಿಗೆ ಮುಗಿಸಬೇಕು, ಯಾರಾದರೂ ಹಿಂದೆ ಬಿದ್ದರೆ ಉಳಿದವರು ದನಿ ಎಳೆದು ಅವಳನ್ನು ಕೂಡಿಸಿಕೊಳ್ಳಬೇಕು ಎನ್ನುವುದು ಅವರ ರೂಢಿ. ಆಕೆ ಅಷ್ಟು ಮರ್ಯಾದೆಯಿಂದ ಕಾಯುತ್ತಿದ್ದದ್ದು ತಡವಾಗಿ ಕಿವಿಗೆ ಬರುತ್ತಿದ್ದ ತನ್ನದೇ ದನಿಗೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾರಣ ತಿಳಿಸಿದ ಮೇಲೆ ಆಕೆಯೂ ನಕ್ಕರು, ಆದರೆ ರೂಢಿ ಬಿಡಲಾಗಲಿಲ್ಲ.

ಆ ತಡ ಬರುವುದು ಹೀಗೆ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಒಯ್ಯುವುದಿಲ್ಲ, ಬಿಂದಿಗೆ ತುಂಬಿಸಿ ಹೊರುತ್ತದೆ. ಆ ಬಿಂದಿಗೆಗೆ ಬಫರ್ ಎಂದು ಹೆಸರು. ಬಿಂದಿಗೆ ದೊಡ್ಡದಾದರೆ ಕಂಪ್ಯೂಟರಿಗೆ ಆರಾಮ, ಆದರೆ ಅದು ತುಂಬುವವರೆಗೆ ಹಾಡುವವರು ಕಾಯಬೇಕು. ಚಿಕ್ಕದಾದರೆ ದನಿ ತಕ್ಷಣ ಕಿವಿಗೆ ಬರುತ್ತದೆ, ಆದರೆ ಕಂಪ್ಯೂಟರು ಒಂದೇ ಸಮನೆ ಓಡಾಡಿ ಸುಸ್ತಾಗಿ ನಡುನಡುವೆ ಬಿಂದಿಗೆ ಕೆಡವುತ್ತದೆ. ಕೆಡವಿದಾಗಲೆಲ್ಲ ದನಿಯಲ್ಲಿ ಚಿಟಚಿಟ ಸದ್ದು. ಕಂಪ್ಯೂಟರಿನ ಗೊಡವೆಯಿಲ್ಲದೆ ಡಬ್ಬಿಯಿಂದಲೇ ನೇರವಾಗಿ ಕೇಳಿಸುವ ಗುಂಡಿಯೊಂದು ಇಂಥ ಡಬ್ಬಿಗಳಲ್ಲಿ ಇರುತ್ತದೆ. ನನ್ನ ಡಬ್ಬಿಯಲ್ಲಿ ಅದು ಕೆಟ್ಟು ಕೂತಿತ್ತು.

ಬಫರನ್ನು ಸಾವಿರದ ಇಪ್ಪತ್ತನಾಲ್ಕರಿಂದ ನೂರ ಇಪ್ಪತ್ತೆಂಟಕ್ಕೆ ಇಳಿಸಿದೆ. ನಾದಿನಿ ಕಾಯುವುದು ನಿಂತಿತು, ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಿಟಚಿಟ ಶುರುವಾಯಿತು. ಒಬ್ಬೊಬ್ಬರದು ಸೇರುತ್ತಾ ಟ್ರ್ಯಾಕು ಹೆಚ್ಚಾದಷ್ಟೂ ಸಿಡಿತ ಹೆಚ್ಚಿತು. ಅದರ ಮೇಲೆ ನನ್ನ ಚಪಲ ಬೇರೆ. ದನಿಗೆ ಗುಡಿಯೊಳಗಿನ ಗುಂಗು ಕೊಡುವ ರಿವರ್ಬ್ ಎಂಬ ಪ್ಲಗಿನ್ನನ್ನು ಪ್ರತಿಯೊಂದು ಟ್ರ್ಯಾಕಿಗೂ ಬೇರೆ ಬೇರೆಯಾಗಿ ಹಾಕಿದ್ದೆ. ಕೇಳುವುದಕ್ಕೆ ಚೆನ್ನಾಗಿರುತ್ತದೆ ಎಂದು ಹೆಂಗಸರೆದುರು ಜಂಬ ಕೊಚ್ಚುತ್ತಿದ್ದ ಹಾಗೆಯೇ ಪರದೆ ಬೆಳ್ಳಗಾಗಿ ಲ್ಯಾಪ್‌ಟಾಪು ಕಲ್ಲಾಯಿತು. ಅವರೆಲ್ಲ ಬಸ್ಸಿಗೆ ಹೊರಟರು. ಹೋಗುವಾಗ ತಾಯಿ ಕೋಣೆಯ ಬಾಗಿಲಲ್ಲಿ ನಿಂತು ಲ್ಯಾಪ್‌ಟಾಪನ್ನು ಒಮ್ಮೆ ನೋಡಿದರು. ಕೊಡಬಾರದ ಆಸೆ ಕೊಟ್ಟುಬಿಟ್ಟೆನೇನೋ ಎಂದು ನನಗೆ ಸಂಕಟವಾಯಿತು.

ಆ ವಾರ ಅಂಗಡಿಯನ್ನು ಅರ್ಧ ದಿನ ಮುಚ್ಚಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಏನೇನು ನಡೆಯುತ್ತಿದೆ ಎಂದು ಒಂದೊಂದಾಗಿ ನೋಡಿದೆ. ಯಾವ ಪ್ರೋಗ್ರಾಮು ಎಷ್ಟು ಶಕ್ತಿ ತಿನ್ನುತ್ತಿದೆ ಎಂದು ತೋರಿಸುವ ಪುಟ ಒಂದಿದೆ. ತೆರೆದು ನೋಡಿದರೆ ನಮ್ಮ ಮನೆಯಲ್ಲಿ ನನಗೆ ಗೊತ್ತಿಲ್ಲದ ಹಾಗೆ ಛತ್ರವೇ ನಡೆಯುತ್ತಿತ್ತು. ಬ್ರೌಸರಿನಲ್ಲಿ ಮರೆತು ಬಿಟ್ಟಿದ್ದ ಹತ್ತಾರು ಪುಟಗಳು ರ‍್ಯಾಮಿನ ಅರ್ಧ ನುಂಗಿದ್ದವು. ಫೋಟೋಗಳನ್ನು ಇಂಟರ್ನೆಟ್ಟಿಗೆ ಏರಿಸುವ ಪ್ರೋಗ್ರಾಮು ನನ್ನ ರೆಕಾರ್ಡಿಂಗನ್ನೂ ಏರಿಸಲು ಒದ್ದಾಡುತ್ತಿತ್ತು. ವೈರಸ್ ಕಾಯುವ ಪ್ರೋಗ್ರಾಮಂತೂ ಹಾಡು ಡಿಸ್ಕಿಗೆ ಇಳಿಯುತ್ತಿದ್ದ ಹಾಗೆಯೇ ಪ್ರತಿ ಫೈಲನ್ನೂ ತಡೆದು ತಪಾಸಣೆ ಮಾಡುತ್ತಿತ್ತು, ಥೇಟ್ ಫಾರೆಸ್ಟ್ ಚೆಕ್‌ಪೋಸ್ಟಿನ ಹಾಗೆ. ಎಲ್ಲವನ್ನೂ ಎಬ್ಬಿಸಿ ಕಳಿಸಿದೆ. ರೆಕಾರ್ಡಿಂಗ್ ಇಡುವ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟೆ. ಇಂಟರ್ನೆಟ್ ಕಿತ್ತೆ. ಕರೆಂಟು ಹೋಗಿ ಬ್ಯಾಟರಿಗೆ ಬಂದಾಗಲೆಲ್ಲ ಲ್ಯಾಪ್‌ಟಾಪು ತಾನಾಗಿಯೇ ಉಳಿತಾಯಕ್ಕೆ ಇಳಿದು ನಿಧಾನವಾಗುತ್ತದೆ ಎನ್ನುವುದು ಆ ವಾರ ಗೊತ್ತಾಯಿತು. ನಮ್ಮ ವಿದ್ಯುತ್ ಇಲಾಖೆ ಇ.ಬಿ.ಯವರ ಕೃಪೆಯಿಂದ ಅದನ್ನು ಪರೀಕ್ಷೆ ಮಾಡಲು ಅವಕಾಶಕ್ಕೆ ಬರವಿರಲಿಲ್ಲ. ಬ್ಯಾಟರಿಯಲ್ಲೂ ಪೂರ್ತಿ ವೇಗದಲ್ಲೇ ಓಡುವಂತೆ ಬದಲಾಯಿಸಿದೆ.

ಇಷ್ಟಾದರೂ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಮತ್ತೆ ಸಿಡಿಯುತ್ತಿತ್ತು. ಶುರುವಿನಲ್ಲಿ ಸರಿ, ಆಮೇಲೆ ಕೆಟ್ಟದು. ಕಾರಣ ಸಿಗಲಿಲ್ಲ. ನನ್ನ ಗಂಡ ಮೈಕ್‌ಸೆಟ್ಟು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾರೆ, ಕಂಪ್ಯೂಟರಿನ ತಂಟೆಗೆ ಬರುವವರಲ್ಲ. ಕಾಫಿ ಲೋಟ ಇಡಲು ಜಾಗ ಮಾಡೋಣವೆಂದು ಲ್ಯಾಪ್‌ಟಾಪು ಎತ್ತಿದವರು ಕೈ ಸುಟ್ಟುಕೊಂಡವರಂತೆ ವಾಪಸ್ಸು ಇಟ್ಟು, ಇದರ ಮೇಲೆ ದೋಸೆ ಹೊಯ್ಯುವುದು ಯಾವಾಗ ಎಂದು ಕೇಳಿದರು. ಆಗ ನೋಡಿದೆ. ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಮೈಕಿಗೆ ಹೋಗಬಾರದೆಂದು ನಾನು ಅದನ್ನೂ ಒಂದು ಕಂಬಳಿಯ ಮೇಲೆ, ಮೆತ್ತಗೆ ಮಡಿಕೆ ಮಾಡಿ, ಕೂಸು ಮಲಗಿಸಿದ ಹಾಗೆ ಇಟ್ಟಿದ್ದೆ. ಗಾಳಿ ಹೋಗುವ ಕಿಂಡಿಯೆಲ್ಲ ಮುಚ್ಚಿತ್ತು, ಒಳಗೆ ಉಣ್ಣೆಯ ನೂಲು ಸೇರಿಕೊಂಡಿತ್ತು. ಕಾದು ಕೆಂಪಾದ ಯಂತ್ರ ಜೀವ ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ನನ್ನ ಹೆಮ್ಮೆಯ ಸಂಶೋಧನೆ ನನ್ನ ಲ್ಯಾಪ್‌ಟಾಪಿನದೇ ಉಸಿರು ಕಟ್ಟಿಸಿತ್ತು. ಬ್ರಷ್ಷಿನಲ್ಲಿ ನೂಲು ತೆಗೆದು, ಎರಡು ಇಟ್ಟಿಗೆಯ ಮೇಲೆ ಅದನ್ನು ಕೂರಿಸಿ, ಉದ್ದನೆಯ ವೈರು ಕೊಟ್ಟು ಕೋಣೆಯ ಬಾಗಿಲಾಚೆ ಇಟ್ಟೆ. ಗಂಡ ಇಡೀ ವಾರ ದೋಸೆಯ ಮಾತು ಬಿಡಲಿಲ್ಲ.

ಎರಡನೆಯ ಸೋಮವಾರ ನಾನು ಗೆದ್ದವಳಂತೆ ಬೀಗುತ್ತಿದ್ದೆ. ಒಬ್ಬೊಬ್ಬರನ್ನೇ ಬಿಟ್ಟು ಈ ಸಲ ಮುಂದೆ ಹೇಳುವ ತಾಯಿಗೂ ಹಿಂದೆ ಹೇಳುವ ನಾದಿನಿಗೂ ಒಂದೊಂದು ಹೆಡ್‌ಫೋನು ಕೊಟ್ಟು ಜೊತೆಗೇ ಕೂರಿಸಿದೆ. ಉಳಿದ ನಾಲ್ವರನ್ನು ಆಮೇಲೆ ಸೇರಿಸುವ ಯೋಚನೆ. ಸುರಕ್ಷಿತವಾಗಿರಲಿ ಎಂಬ ಅತಿಬುದ್ಧಿಯಿಂದ ರೆಕಾರ್ಡಿಂಗನ್ನು ನೇರವಾಗಿ ಪೆನ್‌ಡ್ರೈವಿಗೆ ಇಳಿಯುವಂತೆ ಮಾಡಿದ್ದೆ. ಧಾರೆ ಪದ ಎತ್ತಿದರು. ಮದುಮಗಳ ಹೆಸರು ಬಂತು. ಸಿಡಿತವಿಲ್ಲ, ತಡವಿಲ್ಲ. ಹಾಡು ಅರ್ಧ ದಾಟಿರಬೇಕು, ಡಿಸ್ಕು ನಿಧಾನವಾಗಿದೆ ಎಂಬ ಸೂಚನೆ ಪರದೆಯ ಮೇಲೆ ಬಂದು ರೆಕಾರ್ಡಿಂಗ್ ನಿಂತಿತು. ಪೆನ್‌ಡ್ರೈವಿಗೆ ಅಷ್ಟು ದನಿಯನ್ನು ಆ ವೇಗದಲ್ಲಿ ನುಂಗಲು ಆಗಿರಲಿಲ್ಲ.

ನಾನು ನಿಲ್ಲಿಸಿ ಎಂದು ಕೈ ಎತ್ತಿದೆ. ತಾಯಿ ಕಣ್ಣಲ್ಲೇ ನನ್ನನ್ನು ಗದರಿಸಿದರು. ಹೆಸರಿಟ್ಟು ಎತ್ತಿದ ಪದ, ನಿಲ್ಲಿಸುವಂತಿಲ್ಲ. ಹೆಡ್‌ಫೋನಿನಲ್ಲಿ ದನಿ ಸತ್ತಿತ್ತು. ಇಬ್ಬರೂ ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದರು. ಬಾಗಿಲಾಚೆ ಕೂತಿದ್ದ ನಾಲ್ವರು ಅಲ್ಲಿಂದಲೇ ದನಿಗೂಡಿಸಿದರು. ಏನಾಯಿತೋ ನಾನು ಹೇಳಲಾರೆ, ಆದರೆ ಹಾಡು ಎದ್ದು ನಿಂತಿತು. ತಾಯಿಯ ನುಡಿ ಮುಗಿಯುವ ಮುಂಚೆಯೇ ಅದರ ಕೊನೆಯ ಮಾತನ್ನು ನಾದಿನಿ ಹಿಡಿದುಕೊಳ್ಳುತ್ತಿದ್ದರು, ಇವರದು ಮುಗಿಯುವ ಮುಂಚೆ ತಾಯಿ ಮುಂದಿನದನ್ನು ಎತ್ತುತ್ತಿದ್ದರು. ಎಲ್ಲಿಯೂ ಸಂದಿಲ್ಲ. ಚಪ್ಪರಗಳಲ್ಲಿ ನಾನು ಕೇಳಿದ್ದ ಸೋಬಾನೆ ಅದು. ಎರಡು ಸೋಮವಾರದಿಂದ ನನ್ನ ಕೋಣೆಗೆ ಬಾರದೇ ಇದ್ದದ್ದು ಈಗ, ಯಂತ್ರ ಸತ್ತ ಮೇಲೆ ಬಂದಿತ್ತು. ಅವರು ಮಂಗಳ ಹೇಳಿ ಮುಗಿಸಿದಾಗ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಷ್ಟು ಚೆನ್ನಾದ ಹಾಡಿನ ಒಂದು ಚೂರೂ ನನ್ನ ಹತ್ತಿರ ಇರಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದು ಕೋಣೆಯ ಹೊಸ್ತಿಲ ಮೇಲೆ ಕೂತು ಯೋಚಿಸಿದೆ. ಈ ಎರಡು ವಾರ ನಾನು ಪಟ್ಟ ಪಾಡೆಲ್ಲ ಹೆಡ್‌ಫೋನಿಗಾಗಿ. ಕಿವಿಗೆ ದನಿ ತಡವಾಗಬಾರದು ಎಂದು ತಾನೇ ಬಫರ್ ಇಳಿಸಿದ್ದು, ಅದಕ್ಕೆ ತಾನೇ ಕಂಪ್ಯೂಟರು ಸುಸ್ತಾದದ್ದು? ಈ ಹೆಂಗಸರಿಗೆ ಹೆಡ್‌ಫೋನೇ ಬೇಕಿಲ್ಲ. ಅವರಿಗೆ ಬೇಕಾದದ್ದು ಪಕ್ಕದವಳ ಬಾಯಿ ಮತ್ತು ಉಸಿರು. ಆರು ಜನರನ್ನೂ ಒಟ್ಟಿಗೆ ಕೂರಿಸಿ, ಒಂದೇ ಸಲಕ್ಕೆ, ಬರೀ ನಾಲ್ಕು ಮೈಕಿನಲ್ಲಿ ಹಿಡಿಯುವುದು ಎಂದು ತೀರ್ಮಾನಿಸಿದೆ. ಇದರಲ್ಲಿ ಅಪಾಯವಿತ್ತು. ಒಬ್ಬರು ತಪ್ಪಿದರೆ ಅವರದನ್ನಷ್ಟೇ ತಿದ್ದಲು ಆಗುವುದಿಲ್ಲ, ಎಲ್ಲರ ದನಿಯೂ ಎಲ್ಲರ ಮೈಕಿನಲ್ಲಿ ಸೇರಿರುತ್ತದೆ. ಉಳಿದಿದ್ದು ಒಂದೇ ಸೋಮವಾರ.

ಆ ದಿನಕ್ಕೆ ಲ್ಯಾಪ್‌ಟಾಪನ್ನು ಉಪವಾಸ ಕೆಡವಿದೆ ಎನ್ನಬಹುದು. ಬಫರ್ ಎಷ್ಟು ಹೆಚ್ಚಿಸಲು ಸಾಧ್ಯವೋ ಅಷ್ಟು ಹೆಚ್ಚಿಸಿದೆ. ಈಗ ಯಾರೂ ಕೇಳಿಸಿಕೊಳ್ಳುವವರಿಲ್ಲ, ತಡವಾದರೆ ಆಗಲಿ. ಒಂದೂ ಪ್ಲಗಿನ್ ಇಲ್ಲ. ಚೆನ್ನಾಗಿರಲೆಂದು ದನಿಯ ಅಳತೆಯನ್ನು ಸೆಕೆಂಡಿಗೆ ತೊಂಬತ್ತಾರು ಸಾವಿರ ಸಲ ತೆಗೆಯುವಂತೆ ಇಟ್ಟಿದ್ದೆ, ಅದನ್ನು ಅರ್ಧಕ್ಕೆ ಇಳಿಸಿದೆ. ಹಾರನ್ನಿನಲ್ಲಿ ಕೇಳುವವರಿಗೆ ಆ ವ್ಯತ್ಯಾಸ ಯಾವ ಜನ್ಮಕ್ಕೂ ಗೊತ್ತಾಗುವುದಿಲ್ಲ, ಡಿಸ್ಕಿನ ಭಾರ ಮಾತ್ರ ಅರ್ಧವಾಗುತ್ತದೆ. ಒಳಗಿನ ಡಿಸ್ಕಿನಲ್ಲಿ ಜಾಗ ಖಾಲಿ ಮಾಡಿ ರೆಕಾರ್ಡಿಂಗ್ ಅಲ್ಲಿಯೇ ಇಳಿಯುವಂತೆ ಮಾಡಿದೆ. ಇಂಟರ್ನೆಟ್ ಇಲ್ಲ, ಎಲ್ಲರ ಮೊಬೈಲೂ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ.

ಮೊದಲು ಪರೀಕ್ಷೆ. ಹಾಡಬೇಡಿ, ಸುಮ್ಮನೆ ಮಾತಾಡುತ್ತಿರಿ ಎಂದು ಹೇಳಿ ರೆಕಾರ್ಡಿಂಗ್ ಒತ್ತಿದೆ. ಧಾರೆ ಪದ ಹಿಡಿಯುವಷ್ಟು ಹೊತ್ತಿನ ಎರಡರಷ್ಟು ಯಂತ್ರ ಓಡಲಿ, ನೋಡೋಣ ಎಂದು. ಹರಟೆಗೆ ಕೂರಿಸಬೇಕಾದ ಜನವೇ? ಬೀಗರ ಕಡೆಯವರ ಪತ್ರಿಕೆಯಲ್ಲಿ ಯಾರ ಹೆಸರು ಬಿಟ್ಟಿದೆ ಎಂಬಲ್ಲಿಂದ ಶುರುವಾಗಿ, ಮದುಮಗನ ಮೂಗು ಅವರ ಯಾವ ತಾತನಿಂದ ಬಂದದ್ದು ಎಂಬಲ್ಲಿಗೆ ಮುಟ್ಟಿತು. ಯಂತ್ರ ಒಮ್ಮೆಯೂ ಮುಗ್ಗರಿಸದೆ ಎಲ್ಲವನ್ನೂ ನಾಲ್ಕು ಟ್ರ್ಯಾಕಿನಲ್ಲಿ ನುಂಗಿಕೊಂಡಿತು. ಆ ಫೈಲು ಈಗಲೂ ನನ್ನ ಹತ್ತಿರ ಇದೆ. ಮದುಮಗನ ಕಡೆಯವರಿಗೆ ಮಾತ್ರ ಕೇಳಿಸುವಂತಿಲ್ಲ.

ತಾಯಿಯ ಬಾಯಿಗೆ ಹತ್ತಿರವಾಗಿ ಒಂದು ಮೈಕು, ಎದುರುಬದಿಯಲ್ಲಿ ನಾದಿನಿಗೆ ಒಂದು, ಉಳಿದ ನಾಲ್ವರಿಗೆ ಎರಡು. ಬರೀ ಕೈಯಲ್ಲಿ ಕೂತರೆ ದನಿ ಹೊರಡುವುದಿಲ್ಲ ಎಂದರು. ಕೆಲಸ ಮಾಡುತ್ತಾ ಹಾಡುವ ಕೈಗಳು. ನಮ್ಮ ಮನೆಯಲ್ಲಿದ್ದ ಅವರೆಕಾಯಿ ಚೀಲವನ್ನು ನಡುವೆ ಸುರಿದೆ. ಸಿಪ್ಪೆಯ ಸದ್ದು ರೆಕಾರ್ಡಿಗೆ ಬರುತ್ತದೆ, ಬರಲಿ. ಮದುವೆಮನೆಯಲ್ಲಿ ಅದಕ್ಕಿಂತ ದೊಡ್ಡ ಸದ್ದು ಇರುತ್ತದೆ.

ಅವರು ಶುರು ಮಾಡಿದರು. ನಾನು ಬಾಗಿಲಾಚೆ ಪರದೆಯ ಮುಂದೆ ಕೂತು, ಡಿಸ್ಕಿನ ಗೆರೆ, ಪ್ರೊಸೆಸರಿನ ಗೆರೆ, ಎರಡೂ ಕೆಳಗೆ ತೆಪ್ಪಗೆ ಮಲಗಿರುವುದನ್ನು ನೋಡುತ್ತಿದ್ದೆ. ಹಾಡು ಏರುತ್ತಾ ಹೋಯಿತು. ಮಗಳನ್ನು ಕೈಯೆತ್ತಿ ಕೊಡುವ ನುಡಿ ಬಂತು. ಹೆಸರಿನ ಜಾಗ. ಅದೇ ಹೆಸರನ್ನು ಆಕೆ ಹಿಂದಿನ ನುಡಿಗಳಲ್ಲೆಲ್ಲ ಸಲೀಸಾಗಿ ಹೇಳಿದ್ದರು. ಈ ನುಡಿಯಲ್ಲಿ ಆಗಲಿಲ್ಲ. ದನಿ ಹೆಸರಿನ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಅರ್ಧಕ್ಕೆ ನಿಂತಿತು, ಎಲ್ಲ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಹೆಸರು ಕೇಳಿಸಿತು. ನಾದಿನಿ ಹಿಡಿದುಕೊಂಡಿದ್ದರು. ಮುಗಿಯುವ ಮುಂಚೆಯೇ ಹಿಡಿಯುವುದು ರೂಢಿಯಲ್ಲವೇ, ಅದರಂತೆ ಹಿಡಿದು, ನಾಲ್ವರನ್ನೂ ಎಳೆದುಕೊಂಡು ನುಡಿಯನ್ನು ದಡ ಸೇರಿಸಿದರು. ಮುಂದಿನ ನುಡಿಗೆ ತಾಯಿ ಮತ್ತೆ ಬಂದರು, ಮೊದಲಿಗಿಂತ ಗಟ್ಟಿಯಾಗಿ.

ಮುಗಿದ ಮೇಲೆ ತಾಯಿ ಅವರೆಕಾಯಿ ಸಿಪ್ಪೆಯನ್ನು ಸೆರಗಿನಿಂದ ಕೊಡವುತ್ತಾ, ಆ ಒಂದು ಕಡೆ ತಪ್ಪಿತು, ಅದನ್ನು ತೆಗೆದುಹಾಕಿ ಬೇರೆ ಕಡೆಯ ಹೆಸರು ತಂದು ಅಂಟಿಸಲು ಬರುತ್ತದಾ ಎಂದು ಕೇಳಿದರು. ಬರುತ್ತದೆ ಎಂದೆ. ಕಂಪ್ಯೂಟರಿಗೆ ಅದು ಚಿಟಿಕೆಯ ಕೆಲಸ. ನಾದಿನಿ ನನ್ನ ಕಡೆ ನೋಡಿ, "ಅಂಗೇ ಇರ್ಲಿ ಕಣವ್ವ. ನಾವ್ ಐದ್ ಜನ ಮತ್ಯಾಕ್ಕಿರದು?" ಅಂದರು. ನಾನು ಅದನ್ನು ಮುಟ್ಟಲಿಲ್ಲ.

ಮುಂದಿನದು ಸಲೀಸಿನ ಕೆಲಸ. ನಾಲ್ಕೇ ಟ್ರ್ಯಾಕು. ರಿವರ್ಬನ್ನು ಪ್ರತಿಯೊಂದಕ್ಕೂ ಹಾಕುವ ಬದಲು ಒಂದೇ ಒಂದನ್ನು ಬೇರೆಯಾಗಿಟ್ಟು ನಾಲ್ಕೂ ದನಿಯನ್ನು ಬೇಕಾದಷ್ಟೇ ಅದರೊಳಗೆ ಹಾಯಿಸಿದೆ. ಒಂದು ಟ್ರ್ಯಾಕಿನ ಕೆಲಸ ಮುಗಿಯುತ್ತಿದ್ದ ಹಾಗೆ ಅದನ್ನು ಫ್ರೀಜ್ ಮಾಡಿದೆ. ಅಂದರೆ ಆ ದನಿಗೆ ಮಾಡಿದ ಅಲಂಕಾರವನ್ನೆಲ್ಲ ಕಂಪ್ಯೂಟರು ಮತ್ತೆ ಮತ್ತೆ ಲೆಕ್ಕ ಹಾಕದೆ, ಒಮ್ಮೆ ಮಾಡಿದ್ದನ್ನೇ ಎತ್ತಿಟ್ಟುಕೊಂಡು ನುಡಿಸುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಕೂಡ ಸದ್ದು ಮಾಡಲಿಲ್ಲ. ಕೊನೆಯಲ್ಲಿ ಎರಡು ಕಿವಿಗೆ ಹಂಚುವಾಗ ತಾಯಿಯ ದನಿಯನ್ನು ಪೂರ್ತಿ ಎಡಕ್ಕೆ, ಹಿಂದೆ ಹೇಳುವವರ ದನಿಯನ್ನು ಪೂರ್ತಿ ಬಲಕ್ಕೆ ಹಾಕಿದೆ. ಚಪ್ಪರದಲ್ಲಿ ಅವರು ಎರಡು ಬದಿಗೆ ನಿಲ್ಲುವುದು ಹಾಗೆ. ಒಬ್ಬರ ಮೈಕಿನಲ್ಲಿ ಇನ್ನೊಬ್ಬರ ದನಿ ಸ್ವಲ್ಪ ಸೋರಿತ್ತು, ಅದು ಇದ್ದರೇ ಚೆಂದ ಅನ್ನಿಸಿತು.

ಮದುವೆಯ ದಿನ ತಿಗನಾರೆಯ ಅವರ ಮನೆಯ ಮುಂದೆ ಚಪ್ಪರ. ಎಡಕ್ಕೊಂದು ಹಾರನ್ನು, ಬಲಕ್ಕೊಂದು. ನಾನು ಮಿಕ್ಸರ್ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದೆ. ಹಿಂದೆ ಹೇಳುವ ಹೆಂಗಸರೆಲ್ಲ ಅಡುಗೆಯ ಕಡೆ ಇದ್ದರು, ರೆಕಾರ್ಡು ಇದೆಯಲ್ಲ ಎಂಬ ಧೈರ್ಯದಲ್ಲಿ. ಹಿರಿಯಜ್ಜ ಮುಂದಿನ ಸಾಲಿನಲ್ಲಿ, ತಾಯಿಯ ಬಾಯಿಯನ್ನೇ ಕಾವಲು ಕಾಯುವವರ ಹಾಗೆ. ಧಾರೆಗೆ ಕೈ ಹಿಡಿದರು. ನಾನು ಹಾಡು ಬಿಟ್ಟೆ.

ಎಡದ ಹಾರನ್ನಿನಿಂದ ಅವ್ವನ ದನಿ ಬಂದ ಕ್ಷಣ ಮದುಮಗಳ ಮುಖ ಅರಳಿದ್ದನ್ನು ನಾನು ಮರೆಯುವವಳಲ್ಲ. ಅವಳು ಹಾರನ್ನಿನ ಕಡೆ ತಿರುಗಲೇ ಇಲ್ಲ. ಪಕ್ಕದಲ್ಲಿ ತುಟಿ ಬಿಗಿದು ನಿಂತಿದ್ದ ಅವ್ವನನ್ನೇ ನೋಡುತ್ತಿದ್ದಳು, ಆ ಮುಚ್ಚಿದ ಬಾಯಿಂದಲೇ ಹಾಡು ಬರುತ್ತಿದೆ ಎನ್ನುವ ಹಾಗೆ.

ಎರಡು ನುಡಿ ಆಗಿರಬೇಕು. ಅಡುಗೆಯ ಕಡೆಯಿಂದ ನಾದಿನಿ ಬಂದರು, ಕೈಯಲ್ಲಿ ಸೌಟು ಹಿಡಿದೇ. ಹಿಂದೆ ಉಳಿದ ನಾಲ್ವರು. ಅತ್ತಿಗೆಯ ದನಿ ಕೇಳಿಸಿದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಬಲಗಡೆ ನಿಂತು, ರೆಕಾರ್ಡಿನ ಮೇಲೆಯೇ, ಹಿಂದೆ ಹೇಳತೊಡಗಿದರು. ನಾನು ಬಲದ ಚಾನೆಲ್ಲನ್ನು ಮೆಲ್ಲಗೆ ಇಳಿಸಿದೆ, ಪೂರ್ತಿ ಇಳಿಸಿಬಿಟ್ಟೆ. ಈಗ ಮುಂದೆ ಹೇಳುವವಳು ಹಾರನ್ನಿನಲ್ಲಿ, ಹಿಂದೆ ಹೇಳುವವರು ಚಪ್ಪರದಲ್ಲಿ. ಕೈಯೆತ್ತಿ ಕೊಡುವ ನುಡಿ ಬಂತು. ಹಾರನ್ನು ಹೆಸರಿನ ಹತ್ತಿರ ಬಂದು ನಿಂತಿತು. ಐದೂ ಜನ ಒಂದೇ ಉಸಿರಿಗೆ ಹೆಸರು ಹಿಡಿದರು, ಚಪ್ಪರದಲ್ಲಿದ್ದ ಇನ್ನೆಷ್ಟೋ ಹೆಂಗಸರೂ ಹಿಡಿದರು. ತಾಯಿ ಬಾಯಿ ಬಿಡಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದಕ್ಕೆ ಪದ್ಧತಿಯಲ್ಲಿ ಅಡ್ಡಿಯಿರಲಿಲ್ಲ. ಹಿರಿಯಜ್ಜನೂ ಮೂಗು ಒರೆಸಿಕೊಂಡರು.

ಊಟದ ಪಂಕ್ತಿ ಎದ್ದ ಮೇಲೆ ನಾನು ವೈರು ಸುತ್ತುತ್ತಿದ್ದೆ. ತಾಯಿ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದು ಮಿಕ್ಸರಿನ ಪಕ್ಕದಲ್ಲಿ ಕೂತರು. ಎಲ್ಲ ಚೆನ್ನಾಗಾಯಿತಾ ಅಕ್ಕ ಎಂದು ಕೇಳಿದೆ. ಆಕೆ ತಲೆಯೆತ್ತಿ ಹಾರನ್ನನ್ನು ನೋಡಿದರು.

"ಎಷ್ಟೋ ಮದ್ವೇಲಿ ಏಳಿವ್ನಿ ಕಣವ್ವ. ಎತ್ತವ್ವ ಅಲ್ಲಿ ನಿಂತ್ಕಂಡು ಕೇಳೂವಾಗ ಎಂಗಾಯ್ತದೆ ಅಂತ ಇವತ್ತೇ ಗೊತ್ತಾದ್ದು."

ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, ಇನ್ನೊಂದು ಸಲ ಹಾಕು ಎಂದರು. ನಾನು ಸುತ್ತಿದ್ದ ವೈರನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ.